ಹಬಕ್ಕೂಕನ ಎರಡನೇ ಪ್ರಶ್ನೆ

ಸಭಾಪಾಲಕನಾಗಿ ಮನೆಗಳಿಗೆ, ಆಸ್ಪತ್ರೆಗಳಿಗೆ ಹೋಗುವುದು ನನ್ನ ಕೆಲಸ. ಕಷ್ಟದಲ್ಲಿರುವವರು "ದೇವರು ಯಾಕೆ ಹೀಗೆ ಮಾಡಿದರು?" ಎಂದು ಕೇಳುವುದಕ್ಕೂ ಮುಂಚೆ ಬೇರೊಂದು ಮಾತು ಕೇಳುತ್ತಾರೆ: "ಅಯ್ಯನವರೇ, ಹೀಗೆಲ್ಲ ಯೋಚನೆ ಮಾಡೋದು ಪಾಪ ಅಲ್ವಾ?" ಪಕ್ಕದಲ್ಲಿ ಕೂತ ಅತ್ತೆಯೋ ದೊಡ್ಡಪ್ಪನೋ ತಕ್ಷಣ ಉತ್ತರ ಕೊಟ್ಟುಬಿಡುತ್ತಾರೆ: "ಗುಣುಗುಟ್ಟಬಾರದು. ಎಲ್ಲಾ ದೇವರ ಚಿತ್ತ."

ಗುಣುಗುಟ್ಟಿದವರ ಕಥೆ ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ ಇದೆ, ನಿಜ. ಅದರ ಅರಣ್ಯಕಾಂಡ ಎಂಬ ಪುಸ್ತಕದ 11ನೇ ಅಧ್ಯಾಯ ತೆಗೆದು ನೋಡಿ. ಐಗುಪ್ತ (ಈಜಿಪ್ಟ್) ಬಿಟ್ಟು ಅರಣ್ಯದಲ್ಲಿ ಸಾಗುತ್ತಿರುವ ಇಸ್ರಾಯೇಲ್ ಜನ ತಮ್ಮ ತಮ್ಮ ಡೇರೆಯ ಬಾಗಿಲಲ್ಲಿ ಅಳುತ್ತಾರೆ. ಐಗುಪ್ತದ ಮೀನು, ಸೌತೆಕಾಯಿ, ಈರುಳ್ಳಿ, ಬೆಳ್ಳುಳ್ಳಿ ನೆನಪಾಗುತ್ತದೆ. ದೇವರು ದಿನವೂ ಕೊಡುವ ಮನ್ನ ಎಂಬ ಆಹಾರ ತಿಂದು ತಿಂದು ಬೇಜಾರಾಗಿದೆ. ದೇವರಿಗೆ ಸಿಟ್ಟು ಬರುತ್ತದೆ. ಆದರೆ ಅದೇ ಅಧ್ಯಾಯದಲ್ಲಿ ಅವರ ನಾಯಕ ಮೋಶೆ ಆಡುವ ಮಾತು ಇನ್ನೂ ಖಾರವಾಗಿದೆ. ಈ ಜನರನ್ನೆಲ್ಲ ನಾನೇ ಹೆತ್ತೆನಾ, ಯಾಕೆ ಈ ಹೊರೆ ನನ್ನ ತಲೆ ಮೇಲೆ, ಹೀಗೇ ಮಾಡುವುದಾದರೆ ನನ್ನನ್ನು ಕೊಂದುಬಿಡು ಅನ್ನುತ್ತಾನೆ. ಅವನಿಗೆ ಸಿಕ್ಕಿದ್ದು ಬೈಗುಳವಲ್ಲ, ಹೊರೆ ಹಂಚಿಕೊಳ್ಳಲು 70 ಮಂದಿ ಹಿರಿಯರು. ಜನ ದೇವರ ಬಗ್ಗೆ ಮಾತಾಡಿದರು. ಮೋಶೆ ದೇವರ ಹತ್ತಿರವೇ ಮಾತಾಡಿದ. ನನಗೆ ಕಾಣುವ ಮುಖ್ಯ ವ್ಯತ್ಯಾಸ ಇದು.

ಈ ವಿಷಯದಲ್ಲಿ ನಾನು ಜಾಸ್ತಿ ಓದಿಸುವುದು ಸತ್ಯವೇದದಲ್ಲಿರುವ ಪ್ರವಾದಿ ಹಬಕ್ಕೂಕನ ಪುಸ್ತಕ. ಮೂರೇ ಅಧ್ಯಾಯ, 56 ವಚನ. ಇದು ಕ್ರಿಸ್ತಪೂರ್ವ 7ನೇ ಶತಮಾನದ ಕೊನೆಯ ಭಾಗದ್ದು ಎನ್ನುವುದು ಹೆಚ್ಚಿನ ಪಂಡಿತರ ಅಭಿಪ್ರಾಯ. ಯೆಹೂದ ರಾಜ್ಯದ ಒಳ್ಳೆಯ ಅರಸ ಯೋಷೀಯ ಕ್ರಿಸ್ತಪೂರ್ವ 609ರಲ್ಲಿ ಮೆಗಿದ್ದೋವಿನಲ್ಲಿ ಸತ್ತ. ಸ್ವಲ್ಪದರಲ್ಲೇ ಅವನ ಮಗ ಯೆಹೋಯಾಕೀಮ ಪಟ್ಟಕ್ಕೆ ಬಂದ. ಕೂಲಿ ಕೊಡದೆ ದುಡಿಸಿಕೊಂಡು ಅರಮನೆ ಕಟ್ಟಿಸಿದವನು ಇವನು, ಪ್ರವಾದಿ ಯೆರೆಮೀಯ ಇವನನ್ನು ನೇರವಾಗಿ ಬೈದಿದ್ದಾನೆ. ಇಂಥ ದಿನಗಳಲ್ಲಿ ಹಬಕ್ಕೂಕ ಕೇಳುತ್ತಾನೆ: ಎಷ್ಟು ಕಾಲ ಕೂಗಲಿ? ನೀನು ಯಾಕೆ ಕೇಳಿಸಿಕೊಳ್ಳುತ್ತಿಲ್ಲ?

ಉತ್ತರ ಬರುತ್ತದೆ. ಅದು ಪ್ರಶ್ನೆಗಿಂತ ಕಷ್ಟದ್ದು. ಯೆಹೂದದ ಅನ್ಯಾಯಕ್ಕೆ ಶಿಕ್ಷೆ ಕೊಡಲು ನಾನು ಕಸ್ದೀಯರನ್ನು, ಅಂದರೆ ಬಾಬೆಲಿನವರನ್ನು ತರುತ್ತಿದ್ದೇನೆ ಅನ್ನುತ್ತಾರೆ ದೇವರು. ಕ್ರೂರತನಕ್ಕೆ ಹೆಸರಾದ ಸೈನ್ಯ ಅದು.

ನಮ್ಮಲ್ಲಿ ಬಹಳ ಜನ ಇಲ್ಲಿಗೆ ಬಾಯಿ ಮುಚ್ಚಿಕೊಳ್ಳುತ್ತೇವೆ. ದೇವರೇ ಹೇಳಿದ ಮೇಲೆ ಇನ್ನೇನು? ಹಬಕ್ಕೂಕ ಹಾಗೆ ಬಿಡಲಿಲ್ಲ. ಕೆಟ್ಟದ್ದನ್ನು ನೋಡಲಾರದಷ್ಟು ಶುದ್ಧವಾದ ಕಣ್ಣು ನಿನ್ನದು, ಹಾಗಿದ್ದ ಮೇಲೆ ನಮಗಿಂತ ದುಷ್ಟರು ನಮ್ಮನ್ನು ನುಂಗುವಾಗ ಸುಮ್ಮನಿರುವುದು ಹೇಗೆ ಎಂದು ಎರಡನೇ ಪ್ರಶ್ನೆ ಹಾಕಿದ. ಅವನು ವಾದಕ್ಕೆ ಹಿಡಿದ ಆಧಾರ ನೋಡಿ. ದೇವರ ಗುಣವನ್ನೇ ದೇವರ ಮುಂದಿಟ್ಟ. ದೇವರು ಒಳ್ಳೆಯವರು ಎಂದು ನಂಬದವನಿಗೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಕೇಳಿ ಎದ್ದು ಹೋಗಲಿಲ್ಲ ಕೂಡ. ಕಾವಲುಗೋಪುರದಲ್ಲಿ ನಿಂತು, ಏನು ಹೇಳುತ್ತೀಯೋ ನೋಡುತ್ತೇನೆ ಅಂದ.

ಆಗಲೂ "ಯಾಕೆ" ಅನ್ನುವುದಕ್ಕೆ ಪೂರ್ತಿ ವಿವರಣೆ ಸಿಗಲಿಲ್ಲ. ಬಾಬೆಲಿಗೂ ಲೆಕ್ಕ ಕೊಡುವ ದಿನವಿದೆ, ತಡವಾದರೂ ಕಾದುಕೊಂಡಿರು ಎಂಬ ಮಾತು ಸಿಕ್ಕಿತು. 586ರ ಹೊತ್ತಿಗೆ ಯೆರೂಸಲೇಮ್ ಸುಟ್ಟುಹೋಯಿತು. ಬಾಬೆಲ್ ಪರ್ಷಿಯದವರ ಕೈಗೆ ಬಿದ್ದದ್ದು 539ರಲ್ಲಿ. ಬಹುಶಃ ಅದನ್ನು ನೋಡಲು ಹಬಕ್ಕೂಕ ಬದುಕಿರಲಿಲ್ಲ.

ಅಂಜೂರ ಚಿಗುರದಿದ್ದರೂ, ಕೊಟ್ಟಿಗೆಯಲ್ಲಿ ದನವಿಲ್ಲದಿದ್ದರೂ ದೇವರಲ್ಲಿ ಸಂತೋಷಿಸುತ್ತೇನೆ ಎಂಬ ಕೊನೆಯ ಸಾಲುಗಳು ನಮ್ಮ ಗೋಡೆಯ ಕ್ಯಾಲೆಂಡರ್‌ಗಳಲ್ಲಿ ಇರುತ್ತವೆ. ಮೊದಲ ಅಧ್ಯಾಯದ "ಎಷ್ಟು ಕಾಲ?" ಅಚ್ಚು ಹಾಕಿದ ಕ್ಯಾಲೆಂಡರ್ ನಾನಂತೂ ನೋಡಿಲ್ಲ! ಆ ಸಾಲುಗಳಿಗೆ ಸ್ವಲ್ಪ ಮುಂಚೆಯೇ ಅವನ ತುಟಿ ಅದುರುತ್ತಿತ್ತು, ಕಾಲು ನಡುಗುತ್ತಿತ್ತು. ಮಗು ತೀರಿಕೊಂಡ ಮನೆಗೆ ಮೂರನೇ ದಿನ ಹೋಗಿ ಅಂಜೂರದ ವಚನ ಓದುವುದು ನನಗೆ ಸರಿ ಕಾಣುವುದಿಲ್ಲ.

ಅಲ್ಲಿ ನಾನು ಓದುವುದು 13ನೇ ಕೀರ್ತನೆ. ಚಿಕ್ಕದು, ಮೊದಲ ಎರಡು ವಚನಗಳಲ್ಲೇ "ಎಷ್ಟರವರೆಗೆ" ಎಂಬ ಕೇಳಿಕೆ ಮತ್ತೆ ಮತ್ತೆ ಬರುತ್ತದೆ. ಓದಿ ಆದ ಮೇಲೆ ನಿಮ್ಮ ಪ್ರಶ್ನೆಯನ್ನು ಮನೆಮಾತಿನಲ್ಲೇ ಹೇಳಿ ಅನ್ನುತ್ತೇನೆ. "ಪರಲೋಕದಲ್ಲಿರುವ ಪರಿಶುದ್ಧನಾದ" ಎಂದು ಶುರು ಮಾಡಬೇಕಾಗಿಲ್ಲ. ಮಾತು ಬರದಿದ್ದರೆ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ತಾರೀಖು ಹಾಕಿಡಲಿ. ಅದನ್ನು ನನಗೆ ತೋರಿಸುವುದೂ ಬೇಡ. 88ನೇ ಕೀರ್ತನೆ ಕತ್ತಲು ಎಂಬ ಮಾತಿನಲ್ಲೇ ಮುಗಿಯುತ್ತದೆ, ಕೊನೆಗೆ ಸ್ತೋತ್ರ ಇಲ್ಲ. ಅದೂ ಪ್ರಾರ್ಥನೆಯೇ.

ನೋಡಲು ಹೋಗುವವರಿಗೂ ಒಂದು ಮಾತು. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಅವನ ಜೊತೆ ನೆಲದ ಮೇಲೆ ಸುಮ್ನೆ ಕೂತರು. ಅಲ್ಲಿಯವರೆಗೆ ಚೆನ್ನಾಗಿತ್ತು. ಆಮೇಲೆ ಬಾಯಿ ಬಿಟ್ಟು, ದೇವರ ಪರವಾಗಿ ವಾದ ಮಾಡಿ ಕೆಡಿಸಿದರು. ಕಡೆಗೆ ದೇವರು ಕೋಪಿಸಿಕೊಂಡದ್ದು ಅವರ ಮೇಲೆ. ಅಷ್ಟೆಲ್ಲ ಕೂಗಾಡಿದ ಯೋಬನೇ ಸರಿಯಾಗಿ ಮಾತಾಡಿದ ಅಂದರು. ಆದ್ದರಿಂದ ಊಟ ತೆಗೆದುಕೊಂಡು ಹೋಗಿ, ಔಷಧಿ ಅಂಗಡಿಯ ಕ್ಯೂನಲ್ಲಿ ನಿಲ್ಲಿ. ಉತ್ತರ ಕೊಡಲು ಹೋಗಬೇಡಿ.

ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಸಾಯಬೇಕು ಅನಿಸುತ್ತಿದೆ ಎಂದಾದರೆ ಪ್ರಾರ್ಥನೆಯ ಜೊತೆಗೆ ಡಾಕ್ಟರೂ ಬೇಕು. ಸಾಯುತ್ತೇನೆ ಎಂದು ಮಲಗಿದ ಪ್ರವಾದಿ ಎಲೀಯನಿಗೆ ದೇವದೂತ ಮೊದಲು ಕೊಟ್ಟದ್ದು ರೊಟ್ಟಿ, ನೀರು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.