ಕತೆ ಇಟ್ಕೊಂಡು ಇಂಗ್ಲಿಷ್ ಕಲಿಸೋದು, ಮತ್ತೆ ನನ್ನ ತಲೆ ತಿಂದ ಒಂದು "ವಾಸ್"

ಬಿಎಡ್ ಪರೀಕ್ಷೆಗೆ ಓದುವವರಿಗೆ, ಅದಕ್ಕಿಂತ ಜಾಸ್ತಿ ನನಗೇ, ಮರೆಯೋ ಮೊದ್ಲು ಬರೆದಿಡ್ತೇನೆ.

ಕತೆ, ಕವಿತೆ ಇಟ್ಕೊಂಡು ಪಾಠ ಮಾಡೋದಕ್ಕೆ ಮೂರು ಮಾಡೆಲ್ ಉಂಟು, 1991ರಲ್ಲಿ ಕಾರ್ಟರ್ ಮತ್ತು ಲಾಂಗ್ ಹೇಳಿದ್ದು. ಕಲ್ಚರಲ್ ಅಂದ್ರೆ ಲೇಖಕ, ಕಾಲ, ಹಿನ್ನೆಲೆ. ಲ್ಯಾಂಗ್ವೇಜ್ ಅಂದ್ರೆ ಪಾಠದ ಭಾಷೆಯನ್ನೇ ಬಿಡಿಸಿ ನೋಡೋದು. ಪರ್ಸನಲ್ ಗ್ರೋತ್ ಅಂದ್ರೆ ಓದಿ ನಿನಗೆ ಎಂತ ಅನ್ನಿಸ್ತು ಅನ್ನೋದು. ಎರಡು ಮಾರ್ಕಿಗೆ ಇಷ್ಟು ಧಾರಾಳ.

ನಾನು ಬಿದ್ದದ್ದು ಬೇರೆ ಕಡೆ. ಮಲ್ಪೆ ಹತ್ರದ ಶಾಲೆಗೆ ಪ್ರಾಕ್ಟೀಸ್ ಟೀಚಿಂಗಿಗೆ ಹೋಗಿದ್ದೆ, ಒಂಬತ್ತನೇ ಕ್ಲಾಸು, ಮಕ್ಕಳಿಗೆ ಮನೇಲಿ ತುಳು, ಶಾಲೇಲಿ ಕನ್ನಡ, ಹಾಗಾಗಿ ಪುಸ್ತಕದಲ್ಲಿ ಸೆಕೆಂಡ್ ಲ್ಯಾಂಗ್ವೇಜ್ ಅನ್ನಿಸಿಕೊಂಡ ಇಂಗ್ಲಿಷ್ ಇಲ್ಲಿ ಲೆಕ್ಕಕ್ಕೆ ಮೂರನೇದು. ಝೆರಾಕ್ಸ್ ಮಾಡಿದ ಒಂದು ಕತೆ ಓದಿಸ್ತಾ ಇದ್ದೆ, ಒಬ್ಬ ಎದ್ದು "ಟೀಚರ್, ಟುಮಾರೋ ಅಂತ ಉಂಟು, ಮತ್ತೆ ವಾಸ್ ಹೇಗೆ?" ಅಂದ. ಪ್ರಿಂಟ್ ಮಿಸ್ಟೇಕ್ ಇರ್ಬೇಕು ಅಂದುಬಿಟ್ಟೆ. ಮಿಸ್ಟೇಕ್ ಅಲ್ಲ ಮಾರಾಯ್ರೆ! ಅದಕ್ಕೆ ಫ್ರೀ ಇನ್‌ಡೈರೆಕ್ಟ್ ಅಂತಾರೆ, ಪಾತ್ರದ ಯೋಚನೆಯನ್ನು "ಅಂದ್ಕೊಂಡ" ಅಂತ ಹೇಳದೆ ಕತೆ ಹೇಳುವವನ ಮಾತಲ್ಲೇ ಸೇರಿಸಿಬಿಡೋದು.

ಉದಾಹರಣೆ ನಾನೇ ಮಾಡಿದ್ದು. ಬಾಬು ಜೆಟ್ಟಿಯಲ್ಲಿ ಅಪ್ಪನ ಬೋಟಿಗೆ ಕಾಯ್ತಾ ಇದ್ದಾನೆ.

ಡೈರೆಕ್ಟ್: ಬಾಬು ಥಾಟ್, "ಟುಮಾರೋ ಈಸ್ ಸಂಡೇ. ವಿಲ್ ದ ಬೋಟ್ ಕಮ್?"

ಇನ್‌ಡೈರೆಕ್ಟ್: ಬಾಬು ಥಾಟ್ ದ್ಯಾಟ್ ದ ನೆಕ್ಸ್ಟ್ ಡೇ ವಾಸ್ ಸಂಡೇ ಆಂಡ್ ವಂಡರ್ಡ್ ಇಫ್ ದ ಬೋಟ್ ವುಡ್ ಕಮ್.

ಫ್ರೀ ಇನ್‌ಡೈರೆಕ್ಟ್: ಬಾಬು ಲುಕ್ಡ್ ಅಟ್ ದ ಸೀ. ಟುಮಾರೋ ವಾಸ್ ಸಂಡೇ. ವುಡ್ ದ ಬೋಟ್ ಕಮ್?

ಮೂರನೇದ್ರಲ್ಲಿ "ವಾಸ್", "ವುಡ್" ಕತೆ ಹೇಳುವವನದ್ದು, "ಟುಮಾರೋ" ಮತ್ತೆ ಆ ಪ್ರಶ್ನೆ ಕೇಳುವ ಧಾಟಿ ಬಾಬುವಿನದ್ದು. ಒಂದೇ ವಾಕ್ಯದಲ್ಲಿ ಇಬ್ರು ಕೂತಿದ್ದಾರೆ. ನಮಗೆ ಇದು ಯಾಕೆ ಸಿಕ್ಕುವುದಿಲ್ಲ ಅಂದ್ರೆ ಕನ್ನಡದಲ್ಲಿ "ನಾಳೆ ಬರ್ತೇನೆ ಅಂತ ಹೇಳಿದ" ಅಂದ್ರೆ ಮುಗೀತು, ಅವನ ಬಾಯಿಂದ ಬಂದ "ನಾಳೆ"ಯೂ "ಬರ್ತೇನೆ"ಯೂ ಇದ್ದ ಹಾಗೇ ಇರ್ತದೆ, "ಅಂತ" ಒಂದೇ ಎಲ್ಲ ಹೊತ್ಕೊಳ್ತದೆ, ಕಾಲ ಬದಲಾಯಿಸುವ ತಾಪತ್ರಯವೇ ಇಲ್ಲ. ಗ್ರಾಮರ್ ಪುಸ್ತಕದಲ್ಲಿ ಈಸ್ ಇದ್ರೆ ವಾಸ್ ಮಾಡಿ, ಟುಮಾರೋ ಇದ್ರೆ ದ ನೆಕ್ಸ್ಟ್ ಡೇ ಮಾಡಿ ಅಂತ ಪಟ್ಟಿ ಕೊಡ್ತಾರೆ, ಅರ್ಧ ಮಾತ್ರ ಬದಲಾಗುವ ಈ ವಾಕ್ಯ ಸಿಗೋದು ಕತೆಯಲ್ಲೇ.

ಯಾವ ವಾಕ್ಯ ಯಾರದ್ದು ಅಂತ ನೋಡ್ಲಿಕ್ಕೆ ನನ್ನ ಶಾರ್ಟ್‌ಕಟ್: ವಾಕ್ಯವನ್ನು ಮನಸ್ಸಲ್ಲೇ ಕನ್ನಡ ಮಾಡಿ ಕೊನೆಗೆ "ಅಂತ ಅಂದ್ಕೊಂಡ" ಸೇರಿಸಿ. "ನಾಳೆ ಆದಿತ್ಯವಾರ ಅಂತ ಅಂದ್ಕೊಂಡ", ಕೂತ್ಕೊಳ್ತದೆ, ಬಾಬುವಿನದ್ದು. "ಬಾಬು ಸಮುದ್ರ ನೋಡಿದ ಅಂತ ಅಂದ್ಕೊಂಡ", ತನ್ನ ಬಗ್ಗೆ ತಾನೇ ಯಾರು ಹಾಗೆ ಅಂದ್ಕೊಳ್ತಾರೆ, ಅದು ಹೇಳುವವನದ್ದು.

ಮರುದಿನ ಬಾಬುವಿನ ಕತೆಯನ್ನೇ ಅರ್ಧ ಪುಟ ಬರ್ಕೊಂಡು ಹೋಗಿ, ಬಾಬುವಿನ ವಾಕ್ಯಗಳ ಕೆಳಗೆ ಪೆನ್ಸಿಲಲ್ಲಿ ಗೆರೆ ಎಳೀರಿ ಅಂದೆ. "ದ ಸೀ ವಾಸ್ ಟೂ ಕ್ವಾಯಟ್" ಹತ್ರ ಕ್ಲಾಸು ಎರಡು ಭಾಗ ಆಯ್ತು. ನನ್ನ "ಅಂದ್ಕೊಂಡ" ಶಾರ್ಟ್‌ಕಟ್ ಹಾಕಿದ್ರೆ ಎರಡೂ ಕಡೆ ಕೂತ್ಕೊಳ್ತದೆ, ನನ್ನ ಹತ್ರ ಉತ್ತರ ಇಲ್ಲ. ಹಿಂದಿನ ಬೆಂಚಿನ ಹುಡುಗಿ, ಅವಳಪ್ಪನೂ ಬೋಟಿಗೆ ಹೋಗುವವರೇ, "ಟೂ ಅಂತ ಉಂಟಲ್ಲ ಟೀಚರ್, ಕಡಲು ಸುಮ್ನೆ ಇದ್ರೆ ಹೆದರಿಕೆ ಬಾಬುಗೆ, ಬರೆದವರಿಗೆ ಎಂತ ಹೆದರಿಕೆ?" ಅಂದ್ಳು.

ಲೆಸನ್ ಪ್ಲಾನಲ್ಲಿ ಲ್ಯಾಂಗ್ವೇಜ್ ಮಾಡೆಲ್ ಅಂತ ಬರೆದಿದ್ದೆ, ಪಕ್ಕದಲ್ಲಿ ಪೆನ್ಸಿಲಲ್ಲಿ ಪರ್ಸನಲ್ ಗ್ರೋತ್ ಅಂತಲೂ ಸೇರಿಸಿದೆ.