ಹೊಟ್ಟೆಯ ಟಿಬಿ: ಗಂಟು ಕಂಡ ಮಾತ್ರಕ್ಕೆ ಗುಳಿಗೆ ಬೇಡ

ಟಿಬಿ ಎಂದರೆ ಕೆಮ್ಮು, ಕಫ ಅಂತಲೇ ಜನ ತಿಳಿದಿರುತ್ತಾರೆ. ಅದು ಕರುಳಿಗೂ ಬರುತ್ತದೆ. ಸಣ್ಣ ಕರುಳು ದೊಡ್ಡ ಕರುಳಿಗೆ ಕೂಡುವ ಜಾಗದಲ್ಲಿ, ಅಂದರೆ ಹೊಟ್ಟೆಯ ಬಲಕ್ಕೆ ಕೆಳಗಡೆ, ಜಾಸ್ತಿ.

ಜೇವರ್ಗಿ, ಅಫಜಲಪುರ ಕಡೆಯಿಂದ ಕಲಬುರಗಿಗೆ ತೋರಿಸಲು ಬರುವ ಹರೆಯದವರು ಹೇಳುವುದು ಇಷ್ಟೇ: "ಹೊಟ್ಟಿ ಕಡೀತದ್ರಿ, ಊಟ ಸೇರಂಗಿಲ್ರಿ." ಅಷ್ಟರಲ್ಲಿ ಗ್ಯಾಸಿನ ಗುಳಿಗೆ ನುಂಗಿ ತಿಂಗಳುಗಳೇ ಕಳೆದಿರುತ್ತವೆ. ಆಗ ನಾನು ಕೇಳುತ್ತೇನೆ: ಬಟ್ಟೆ ಸಡಿಲ ಆಗಿದೆಯಾ? ಸಂಜೆ ಮೈ ಬಿಸಿ ಆಗುತ್ತಾ? ಉಂಡ ಮೇಲೆ ಹೊಟ್ಟೆ ಹಿಂಡಿ, ಗುಡುಗುಡು ಅಂದು, ಗಾಳಿ ಹೋದರೆ ಹಗುರ ಅನಿಸುತ್ತಾ? ಹಾಗಿದ್ದರೆ ಕರುಳು ಕಿರಿದಾಗಿರಬಹುದು. ಹುಡುಗಿಯರಿಗೆ ಮುಟ್ಟಿನ ಬಗ್ಗೆಯೂ ಕೇಳಲೇಬೇಕು. ಎದೆ ಎಕ್ಸ್‌ರೇ ಚೆನ್ನಾಗಿದೆ ಅಂತ ಟಿಬಿ ಇಲ್ಲ ಎನ್ನುವಂತಿಲ್ಲ.

ಇದಕ್ಕೆ ತದ್ವಿರುದ್ಧದ ತಪ್ಪೂ ಇದೆ, ನನಗೆ ಹೆಚ್ಚು ಸಂಕಟವಾಗುವುದು ಅದನ್ನು ಕಂಡಾಗಲೇ. ಸ್ಕ್ಯಾನ್ ರಿಪೋರ್ಟಿನಲ್ಲಿ 'ಹೊಟ್ಟೆಯಲ್ಲಿ ಗಂಟುಗಳಿವೆ' (ಅಂದರೆ ದುಗ್ಧಗ್ರಂಥಿಗಳು, ಲಿಂಫ್ ನೋಡ್‌ಗಳು) ಎಂದು ಬರೆದಿದ್ದರೆ ಸಾಕು, ಮಗುವಿಗೆ ಟಿಬಿ ಗುಳಿಗೆ ಶುರು. ಆರೋಗ್ಯವಾಗಿರುವ ಮಕ್ಕಳಲ್ಲೂ ಸಣ್ಣ ಗಂಟುಗಳು ಕಾಣುತ್ತವೆ. ದೊಡ್ಡವಾಗಿ, ಒಂದಕ್ಕೊಂದು ಅಂಟಿಕೊಂಡು, ನಡುವೆ ಕೊಳೆತಂತೆ ಕಂಡರೆ ಆ ಮಾತು ಬೇರೆ.

ಪುರಾವೆ ಬೇಕೆಂದರೆ ಕೊಲೊನೋಸ್ಕೋಪಿ ಮಾಡಿ, ಅಂದರೆ ಗುದದ್ವಾರದಿಂದ ಕ್ಯಾಮೆರಾ ಇರುವ ಕೊಳವೆ ಹಾಕಿ ನೋಡಿ, ಕರುಳಿನ ಹುಣ್ಣಿನಿಂದ ಐದಾರು ಚೂರು ತೆಗೆಯಬೇಕು. ಎಲ್ಲವನ್ನೂ ಫಾರ್ಮಾಲಿನ್‌ಗೆ (ಚೂರು ಕೊಳೆಯದಂತೆ ಇಡುವ ದ್ರಾವಣ) ಹಾಕಬಾರದು. ಅದರಲ್ಲಿ ಬ್ಯಾಕ್ಟೀರಿಯಾ ಸತ್ತು ಕಲ್ಚರ್‌ನಲ್ಲಿ, ಅಂದರೆ ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆಯಲ್ಲಿ, ಬೆಳೆಯುವುದಿಲ್ಲ. ಒಂದೆರಡು ಚೂರು ಸಲೈನ್‌ನಲ್ಲಿ ಸಿಬಿನಾಟ್ (ಟಿಬಿ ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಪರೀಕ್ಷೆ) ಮತ್ತು ಕಲ್ಚರ್‌ಗೆ ಹೋಗಲಿ. ಕರುಳಿನಲ್ಲಿ ಬ್ಯಾಕ್ಟೀರಿಯಾ ಕಡಿಮೆ ಇರುತ್ತವೆ, ಹಾಗಾಗಿ ಸಿಬಿನಾಟ್ ನೆಗೆಟಿವ್ ಬಂದರೂ ಟಿಬಿ ಇರಬಹುದು. ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಅದನ್ನು ತೆಗೆದು ಎಡಿಎ (ಟಿಬಿ ಇದ್ದರೆ ಹೆಚ್ಚಾಗುವ ಒಂದು ಕಿಣ್ವ) ಪರೀಕ್ಷೆಗೆ ಕಳಿಸಬೇಕು.

ಇಷ್ಟೆಲ್ಲಾ ಯಾಕೆ ಅಂದರೆ, ಕ್ರೋನ್ಸ್ ಅನ್ನುವ, ಕರುಳು ಉರಿಯೂತಗೊಳ್ಳುವ ಇನ್ನೊಂದು ಕಾಯಿಲೆ ನೋಡಲು ಹೀಗೇ ಇರುತ್ತದೆ. ಅದಕ್ಕೆ ಕೊಡುವ ಸ್ಟಿರಾಯ್ಡ್ ಟಿಬಿ ಇದ್ದವರಿಗೆ ಕೊಟ್ಟರೆ ರೋಗ ಮೈಯೆಲ್ಲಾ ಹರಡಬಹುದು.

ಟಿಬಿ ಖಚಿತವಾದರೆ ಸಾಮಾನ್ಯವಾಗಿ ಆರು ತಿಂಗಳ ಔಷಧಿ. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1000 ರೂಪಾಯಿಯೂ ಸಿಗುತ್ತದೆ, ಬ್ಯಾಂಕ್ ಪಾಸ್‌ಬುಕ್ ಕೊಟ್ಟು ಹೆಸರು ಬರೆಸಿ.

ಕೆಲವೊಮ್ಮೆ ಎಲ್ಲಾ ಪರೀಕ್ಷೆ ಆದ ಮೇಲೂ ಅನುಮಾನ ಉಳಿಯುತ್ತದೆ. ಆಗ ಟಿಬಿ ಔಷಧಿಯನ್ನೇ ಕೊಟ್ಟು, ಎರಡು ತಿಂಗಳಿಗೆ ಮತ್ತೆ ಕೊಲೊನೋಸ್ಕೋಪಿ ಮಾಡುತ್ತೇವೆ. "ಈಗ ಆರಾಮ ಅದೀನ್ರಿ, ಮತ್ಯಾಕ್ರಿ?" ಅಂತಾರೆ. ಕ್ರೋನ್ಸ್ ಇದ್ದವರಿಗೂ ಈ ಗುಳಿಗೆಯಿಂದ ಸ್ವಲ್ಪ ದಿನ ಆರಾಮ ಅನಿಸಬಹುದು. ಹುಣ್ಣು ಮಾಯ್ದಿದ್ದರೆ ಟಿಬಿ ಔಷಧಿಯನ್ನೇ ಪೂರ್ತಿ ಮಾಡಿಸುತ್ತೇವೆ. ಮಾಯದಿದ್ದರೆ ಕ್ರೋನ್ಸ್ ಇದೆಯಾ, ಔಷಧಿಗೆ ಬಗ್ಗದ ಟಿಬಿಯಾ ಎಂದು ಮತ್ತೆ ಹುಡುಕುತ್ತೇವೆ.