ಸೆಖೆಗೂ ಚಳಿಗೂ ನಿಧಾನವಾಗುವ ಹರಳು

ಇಂಟರ್ನೆಟ್ ಇಲ್ಲದ ಒಂದು ಕಂಪ್ಯೂಟರಿಗೆ ಇವತ್ತು ಸರಿಯಾದ ಸಮಯ ಕೊಟ್ಟು, ಒಂದು ವರ್ಷ ಬಿಟ್ಟು ನೋಡಿ. ಹಲವು ನಿಮಿಷ ಹಿಂದೆಯೋ ಮುಂದೆಯೋ ಹೋಗಿರಬಹುದು. ಸೆಕೆಂಡಿಗೆ ಕೋಟಿಗಟ್ಟಲೆ ಲೆಕ್ಕ ಮಾಡುವ ಯಂತ್ರಕ್ಕೆ ಹೊತ್ತು ಎಣಿಸುವುದು ಯಾಕೆ ಕಷ್ಟ?

ಕಂಪ್ಯೂಟರಿನ ಮುಖ್ಯ ಸರ್ಕ್ಯೂಟ್ ಹಲಗೆಯಾದ ಮದರ್‌ಬೋರ್ಡಿನ ಮೇಲೆ ಒಂದು ಪುಟ್ಟ ಕ್ವಾರ್ಟ್ಸ್ ಹರಳು ಇರುತ್ತದೆ. ನಮ್ಮ ಬೆಣಚುಕಲ್ಲು ಅಂತಾರಲ್ಲ, ಅದೇ ವಸ್ತು. ಇದನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಎಂದು 1880ರಲ್ಲಿ ತೋರಿಸಿಕೊಟ್ಟವರು ಜಾಕ್ ಮತ್ತು ಪಿಯರ್ ಕ್ಯೂರಿ ಸಹೋದರರು. ವಿದ್ಯುತ್ ಕೊಟ್ಟರೆ ಇದು ಕಂಪಿಸುತ್ತದೆ. ಸೆಕೆಂಡಿಗೆ 32,768 ಸಲ ಕಂಪಿಸುವಂತೆ ಇದನ್ನು ಕತ್ತರಿಸಿರುತ್ತಾರೆ. ಆ ಸಂಖ್ಯೆಯನ್ನು 15 ಸಲ ಅರ್ಧ ಮಾಡಿದರೆ 1 ಬರುತ್ತದೆ. ಅದೇ ಒಂದು ಸೆಕೆಂಡು. ಈ ಎಣಿಕೆ ತಪ್ಪುವುದಿಲ್ಲ. ತಪ್ಪು ಇರುವುದು ಕಂಪನದಲ್ಲೇ.

ಸಾಮಾನ್ಯ ಹರಳು ಹತ್ತು ಲಕ್ಷ ಕಂಪನಕ್ಕೆ 20ರಷ್ಟು ಆಚೀಚೆ ಆಗಬಹುದು. ಇದೇನು ಮಹಾ ಅನ್ನಿಸುತ್ತದೆ ಅಲ್ವಾ? ಆದರೆ ದಿನಕ್ಕೆ 86,400 ಸೆಕೆಂಡು. ಅಂದರೆ ದಿನಕ್ಕೆ 1.7 ಸೆಕೆಂಡು, ವರ್ಷಕ್ಕೆ ಹತ್ತು ನಿಮಿಷದ ವ್ಯತ್ಯಾಸ.

ಇದರ ಮೇಲೆ ಬಿಸಿಲಿನ ಕಾಟ. ಈ ಹರಳು 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಚೆನ್ನಾಗಿ ನಡೆಯುತ್ತದೆ. ಕಾವು 45 ಡಿಗ್ರಿಗೆ ಏರಿದರೆ ದಿನಕ್ಕೆ ಒಂದು ಸೆಕೆಂಡಿಗಿಂತ ಜಾಸ್ತಿ ಹಿಂದೆ ಬೀಳುತ್ತದೆ. 5 ಡಿಗ್ರಿಗೆ ಇಳಿದರೂ ಅಷ್ಟೇ ಹಿಂದೆ! ಕೈಗಡಿಯಾರದಲ್ಲೂ ಇಂಥದೇ ಹರಳು. ಆದರೆ ಅದಕ್ಕೆ ಮೈಯ ಬಿಸಿ ಹೆಚ್ಚುಕಡಿಮೆ ಒಂದೇ ಸಮ ಸಿಗುತ್ತದೆ. ಕಂಪ್ಯೂಟರ್ ಪೆಟ್ಟಿಗೆಯೊಳಗೆ ಕೆಲಸ ಹೆಚ್ಚಾದಂತೆ ಕಾವು ಏರುತ್ತದೆ, ಆಫ್ ಮಾಡಿದರೆ ಇಳಿಯುತ್ತದೆ. ವಯಸ್ಸಾದಂತೆ ಹರಳಿನ ಕಂಪನವೂ ಸ್ವಲ್ಪ ಬದಲಾಗುತ್ತದೆ.

ಇದನ್ನೆಲ್ಲ ಸರಿದೂಗಿಸುವುದು ಎನ್‌ಟಿಪಿ ಎಂಬ ವ್ಯವಸ್ಥೆ. ಅಮೆರಿಕದ ಡೇವಿಡ್ ಮಿಲ್ಸ್ ರೂಪಿಸಿದ ಇದರ ವಿವರ 1985ರಲ್ಲಿ ಪ್ರಕಟವಾಯಿತು. ಕಂಪ್ಯೂಟರು ಇಂಟರ್ನೆಟ್ಟಿನಲ್ಲಿ ಸರಿಯಾದ ಸಮಯ ಹೇಳುವ ಸರ್ವರಿಗೆ 'ಈಗೆಷ್ಟು ಹೊತ್ತು' ಎಂದು ಕೇಳುತ್ತದೆ. ಪ್ರಶ್ನೆ ಹೋಗಿ ಉತ್ತರ ಬರಲು ಹಿಡಿದ ಸಮಯವನ್ನೂ ಅಳೆದು, ಅದರ ಅರ್ಧವನ್ನು ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. ನನಗೆ ತುಂಬ ಹಿಡಿಸಿದ್ದು ಮುಂದಿನ ಹೆಜ್ಜೆ. ತನ್ನ ಹರಳು ಎಷ್ಟು ಜೋರು ಅಥವಾ ಎಷ್ಟು ನಿಧಾನ ಎಂದು ಅದು ಗಮನಿಸಿ, ಆ ಅಂಕಿಯನ್ನು ಬರೆದಿಟ್ಟುಕೊಳ್ಳುತ್ತದೆ. ಸಂಪರ್ಕ ಕಡಿದಾಗಲೂ ಅದರಂತೆ ತಿದ್ದಿಕೊಳ್ಳುತ್ತದೆ. ಸಣ್ಣ ತಪ್ಪಾದರೆ ಮುಳ್ಳನ್ನು ದಿಢೀರನೆ ಹಿಂದಕ್ಕೆ ತಿರುಗಿಸುವುದೂ ಇಲ್ಲ, ನಡಿಗೆಯನ್ನು ಸ್ವಲ್ಪ ನಿಧಾನ ಮಾಡುತ್ತದೆ ಅಷ್ಟೇ. ಸಮಯ ಹಿಂದೆ ಹೋದರೆ ಈಗಷ್ಟೇ ಉಳಿಸಿದ ಫೈಲು ಹಳೆಯದರಂತೆ ಕಾಣುತ್ತದೆ.

ಭಾರತದ ಅಧಿಕೃತ ಸಮಯ ಇರುವುದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ. ಅಲ್ಲಿ ಹರಳಿನ ಬದಲು ಸೀಸಿಯಂ ಪರಮಾಣುಗಳನ್ನೇ ನೆಚ್ಚುತ್ತಾರೆ. 2022ರಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ಆದೇಶದ ಪ್ರಕಾರ ಸಂಸ್ಥೆಗಳು ತಮ್ಮ ಕಂಪ್ಯೂಟರುಗಳ ಸಮಯವನ್ನು ಇಲ್ಲಿನ ಸರ್ವರಿಗೋ ಸರ್ಕಾರಿ ಕಂಪ್ಯೂಟರ್ ಜಾಲ ನೋಡಿಕೊಳ್ಳುವ ಎನ್‌ಐಸಿಯ ಸರ್ವರಿಗೋ ಅಥವಾ ಇವನ್ನು ಅನುಸರಿಸುವ ಸರ್ವರಿಗೋ ಹೊಂದಿಸಿಕೊಳ್ಳಬೇಕು. ಒಂದು ಸೈಬರ್ ದಾಳಿ ಯಾವ ಕಂಪ್ಯೂಟರಿನಿಂದ ಯಾವುದಕ್ಕೆ ಹರಡಿತು ಎಂದು ಪತ್ತೆ ಹಚ್ಚಲು ಪ್ರತಿಯೊಂದರ ಲಾಗ್, ಅಂದರೆ ಯಾವಾಗ ಏನಾಯಿತು ಎಂಬ ದಾಖಲೆ, ಜೋಡಿಸಿ ನೋಡಬೇಕು. ಗಡಿಯಾರಗಳು ಎರಡೇ ಸೆಕೆಂಡು ಆಚೀಚೆ ಇದ್ದರೂ ಮೊದಲು ನಡೆದದ್ದು ಆಮೇಲೆ ನಡೆದಂತೆ ಕಾಣಬಹುದು.